ಸಣ್ಣ ಮೀನಿಗೆ ಉದ್ದ ಲೆನ್ಸ್, ದೊಡ್ಡ ಮೀನಿಗೆ ಗಿಡ್ಡ ಲೆನ್ಸ್: ಅಕ್ವೇರಿಯಂ ಫೋಟೊಗೆ ಲೆನ್ಸ್ ಆರಿಸುವುದು ಹೇಗೆ?

ಬಣ್ಣದ ಮೀನು ಈಗ ಹಾಲ್‌ನ ಮೂಲೆಯ ಅಲಂಕಾರವಾಗಿ ಮಾತ್ರ ಉಳಿದಿಲ್ಲ. ತಾರಸಿಯ ಮೇಲೆ, ಹಿತ್ತಲಿನ ಶೆಡ್‌ನಲ್ಲಿ ಗಪ್ಪಿ, ಫೈಟರ್ ಮೀನುಗಳನ್ನು ಮರಿ ಮಾಡಿಸಿ ಮಾರುವವರು ಬೇಕಾದಷ್ಟು ಜನ ಇದ್ದಾರೆ. 2020ರಲ್ಲಿ ಶುರುವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಲ್ಲೇ ಅಲಂಕಾರಿಕ ಮೀನು ಬೆಳೆಸುವ ಸಣ್ಣ ಘಟಕಗಳಿಗೂ ನೆರವು ಸೇರಿಸಿದ್ದಾರೆ. ಹೀಗೆ ಬೆಳೆಸಿದ ಮೀನನ್ನು ಕೊಳ್ಳುವವರು ಮೊದಲು ನೋಡುವುದು ವಾಟ್ಸ್‌ಆ್ಯಪ್‌ಗೆ ಬಂದ ಫೋಟೊವನ್ನೇ. ಬಾಲ ಎಷ್ಟು ಅಗಲ ಬಿಚ್ಚುತ್ತದೆ, ರೆಕ್ಕೆ ಎಲ್ಲಾದರೂ ಹರಿದಿದೆಯಾ, ಮೈಮೇಲೆ ಬಿಳಿ ಚುಕ್ಕೆ ಇದೆಯಾ, ಎಲ್ಲವೂ ಅದರಲ್ಲಿ ಕಾಣಬೇಕು. ಮಾರುವ ಉದ್ದೇಶ ಇಲ್ಲದವರಿಗೂ ಅಷ್ಟೇ, ಪ್ರೀತಿಯಿಂದ ಸಾಕಿದ ಮೀನಿನ ಒಂದು ಚೆಂದದ ಫೋಟೊ ಬೇಕು ಅನ್ನಿಸುತ್ತದೆ.

ಹಾಗಾಗಿ ಕ್ಯಾಮೆರಾ ಕೈಗೆ ಬಂದ ಕೂಡಲೇ ಕೇಳುವ ಪ್ರಶ್ನೆ: ಇದಕ್ಕೆ ಯಾವ ಲೆನ್ಸ್ ತಗೊಳ್ಳಲಿ? ಸಾಮಾನ್ಯವಾಗಿ ಸಿಗುವ ಉತ್ತರ, "100 ಎಂಎಂ ಮ್ಯಾಕ್ರೊ ತಗೊಳ್ಳಿ" ಅಂತ. ಮ್ಯಾಕ್ರೊ ಅಂದರೆ ಸಣ್ಣ ವಸ್ತುವನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸ್. ಒಳ್ಳೆಯ ಲೆನ್ಸೇ, ಆದರೆ ಎಲ್ಲರ ಟ್ಯಾಂಕಿಗೂ ಅದು ಹೊಂದುವುದಿಲ್ಲ. ಲೆನ್ಸ್ ಹುಡುಕುವ ಮುಂಚೆ ಒಂದು ಸ್ಕೇಲ್ ಹಿಡಿದು ಎರಡು ಅಳತೆ ತೆಗೆದುಕೊಳ್ಳಿ. ನಿಮ್ಮ ಮೀನು ಎಷ್ಟು ಉದ್ದ? ಟ್ಯಾಂಕಿನ ಮುಂದಿನ ಗಾಜಿನಿಂದ ಹಿಂದಿನ ಗಾಜಿಗೆ ಎಷ್ಟು ದೂರ? ಮುಕ್ಕಾಲು ಪಾಲು ಉತ್ತರ ಅಲ್ಲೇ ಸಿಗುತ್ತದೆ.

ಲೆನ್ಸಿನ ಮೇಲಿರುವ ಅಂಕಿ, ಡಬ್ಬಿಯೊಳಗಿರುವ ಅಂಕಿ

ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸಿನ ಮೇಲೆ "18-55 ಮಿ.ಮೀ., ಎಫ್/3.5-5.6" ಅಂತ ಬರೆದಿರುತ್ತದೆ. ಮೊದಲನೆಯದು ಫೋಕಲ್ ಲೆಂಗ್ತ್. ಈ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಅಗಲವಾದ ನೋಟ ಹಿಡಿಯುತ್ತದೆ. ದೊಡ್ಡದಾದಷ್ಟೂ ನೋಟ ಕಿರಿದಾಗಿ, ದೂರದ ವಸ್ತು ಹತ್ತಿರ ಬಂದ ಹಾಗೆ ಕಾಣುತ್ತದೆ. ಈ ಲೇಖನದಲ್ಲಿ ಉದ್ದ ಲೆನ್ಸ್, ಗಿಡ್ಡ ಲೆನ್ಸ್ ಅಂದರೆ ಈ ಫೋಕಲ್ ಲೆಂಗ್ತ್ ಲೆಕ್ಕದಲ್ಲಿ.

ಎರಡನೆಯದು ಅಪರ್ಚರ್, ಅಂದರೆ ಲೆನ್ಸಿನ ಒಳಗೆ ಬೆಳಕು ಬಿಡುವ ಕಿಂಡಿ. ಫೋಕಲ್ ಲೆಂಗ್ತನ್ನು ಕಿಂಡಿಯ ಅಗಲದಿಂದ ಭಾಗಿಸಿದರೆ ಎಫ್ ಅಂಕಿ ಬರುತ್ತದೆ. 50 ಮಿ.ಮೀ. ಲೆನ್ಸನ್ನು ಎಫ್/2ಕ್ಕೆ ಇಟ್ಟರೆ ಕಿಂಡಿ 25 ಮಿ.ಮೀ. ಅಗಲ, ಎಫ್/10ಕ್ಕೆ ಇಟ್ಟರೆ ಬರೀ 5 ಮಿ.ಮೀ. ಅಂಕಿ ದೊಡ್ಡದಾದರೆ ಕಿಂಡಿ ಸಣ್ಣದು, ಬೆಳಕೂ ಕಡಿಮೆ.

ಮೀನಿನ ಫೋಟೊಗೆ ಇದಕ್ಕಿಂತ ಜಾಸ್ತಿ ಬೇಕಾದ ಎರಡು ಅಂಕಿ ಲೆನ್ಸಿನ ಜೊತೆ ಬರುವ ಕಾಗದದಲ್ಲಿ ಇರುತ್ತವೆ. ಒಂದು, ಕನಿಷ್ಠ ಫೋಕಸ್ ದೂರ. ಅದಕ್ಕಿಂತ ಹತ್ತಿರ ಹೋದರೆ ಲೆನ್ಸ್ ಫೋಕಸ್ ಮಾಡುವುದಿಲ್ಲ. ಇಲ್ಲಿ ಒಂದು ವಿಷಯ ಗಮನಿಸಿ. ಈ ದೂರವನ್ನು ಲೆನ್ಸಿನ ಮೂತಿಯಿಂದ ಅಳೆಯುವುದಿಲ್ಲ, ಕ್ಯಾಮೆರಾದೊಳಗೆ ಚಿತ್ರ ಮೂಡುವ ಸೆನ್ಸರ್‌ನಿಂದ ಅಳೆಯುತ್ತಾರೆ. ಎಷ್ಟೋ ಕ್ಯಾಮೆರಾಗಳ ಮೇಲ್ಭಾಗದಲ್ಲಿ ವೃತ್ತದ ನಡುವೆ ಗೀಟು ಹಾಯಿಸಿದ ಒಂದು ಗುರುತು ಇರುತ್ತದಲ್ಲ, ಸೆನ್ಸರ್ ಇರುವ ಜಾಗ ಅದೇ. 25 ಸೆಂ.ಮೀ. ಅಂತ ಬರೆದಿದ್ದರೆ ಕ್ಯಾಮೆರಾ ಮತ್ತು ಲೆನ್ಸಿನ ಉದ್ದ ಅದರಲ್ಲೇ ಸೇರಿ, ಲೆನ್ಸಿನ ಮುಂದೆ ನಿಜವಾಗಿ ಉಳಿಯುವುದು ಸುಮಾರು 10 ಸೆಂ.ಮೀ. ಅಷ್ಟೇ.

ಇನ್ನೊಂದು ಮ್ಯಾಗ್ನಿಫಿಕೇಶನ್. ಮೀನು ಸೆನ್ಸರ್ ಮೇಲೆ ಬೀಳುವ ಗಾತ್ರವನ್ನು ಅದರ ನಿಜವಾದ ಗಾತ್ರಕ್ಕೆ ಹೋಲಿಸುವ ಅಂಕಿ ಇದು. 1 ಸೆಂ.ಮೀ. ವಸ್ತು ಸೆನ್ಸರ್ ಮೇಲೂ 1 ಸೆಂ.ಮೀ. ಆಗಿಯೇ ಬಿದ್ದರೆ ಮ್ಯಾಗ್ನಿಫಿಕೇಶನ್ 1. ಅರ್ಧ ಸೆಂ.ಮೀ. ಆಗಿ ಬಿದ್ದರೆ 0.5. ಸರಿಯಾದ ಮ್ಯಾಕ್ರೊ ಲೆನ್ಸ್ ಅಂದರೆ 1ರವರೆಗೆ ಹೋಗುವಂಥದ್ದು. ನಿಕಾನ್ ಕಂಪನಿ ಇಂಥ ಲೆನ್ಸಿಗೆ "ಮೈಕ್ರೊ" ಅಂತ ಹೆಸರಿಡುತ್ತದೆ, ಎರಡೂ ಒಂದೇ.

ಮೊದಲು ಮೀನನ್ನು ಅಳೆಯಿರಿ

ಟ್ಯಾಂಕಿನ ಹೊರಗಿನಿಂದ ಗಾಜಿಗೆ ಒಂದು ಸ್ಕೇಲ್ ಅಂಟಿಸಿ ಕಾಯಿರಿ. ಮೀನು ಗಾಜಿನ ಪಕ್ಕ ಬಂದಾಗ ಅಂದಾಜು ಸಿಗುತ್ತದೆ. ದೊಡ್ಡ ನಿಯಾನ್ ಟೆಟ್ರಾ 3 ಸೆಂ.ಮೀ. ಆಸುಪಾಸು. ಗಂಡು ಗಪ್ಪಿಯೂ ಬಾಲ ಸೇರಿ ಅಷ್ಟೇ, ಇಲ್ಲಾ ಸ್ವಲ್ಪ ಜಾಸ್ತಿ. ಫೈಟರ್ ಅಥವಾ ಬೆಟ್ಟಾ ಬಾಲ ಸೇರಿ 6 ಸೆಂ.ಮೀ. ಬಲಿತ ಡಿಸ್ಕಸ್ 15 ಸೆಂ.ಮೀ. ದಾಟಬಹುದು.

ಈಗ ಸೆನ್ಸರ್. ಹೆಚ್ಚಿನವರ ಬಳಿ ಇರುವುದು ಕ್ರಾಪ್ ಸೆನ್ಸರ್, ಅಂದರೆ ಸ್ವಲ್ಪ ಚಿಕ್ಕ ಸೆನ್ಸರ್ ಇರುವ ಕ್ಯಾಮೆರಾ. ನಿಕಾನ್, ಸೋನಿಗಳಲ್ಲಿ ಇದರ ಅಗಲ ಸುಮಾರು 23.5 ಮಿ.ಮೀ., ಕ್ಯಾನನ್‌ನಲ್ಲಿ 22.3. ಫುಲ್ ಫ್ರೇಮ್ ಆದರೆ 36 ಮಿ.ಮೀ. ಮೀನು ಚಿತ್ರದ ಅಗಲದಲ್ಲಿ ಮೂರರಲ್ಲಿ ಎರಡು ಪಾಲು ತುಂಬಿದರೆ ನೋಡಲು ಚೆಂದ, ಮೂತಿಯ ಮುಂದೆ ಸ್ವಲ್ಪ ಖಾಲಿ ನೀರೂ ಉಳಿಯುತ್ತದೆ. ಅಂದರೆ ಕ್ರಾಪ್ ಸೆನ್ಸರ್ ಮೇಲೆ ಮೀನು ಸುಮಾರು 16 ಮಿ.ಮೀ. ಉದ್ದಕ್ಕೆ ಬೀಳಬೇಕು.

16ನ್ನು ಮೀನಿನ ಉದ್ದದಿಂದ ಭಾಗಿಸಿ. 30 ಮಿ.ಮೀ. ಟೆಟ್ರಾಗೆ ಬೇಕಾದ ಮ್ಯಾಗ್ನಿಫಿಕೇಶನ್ 0.53. 60 ಮಿ.ಮೀ. ಫೈಟರ್‌ಗೆ 0.27. 150 ಮಿ.ಮೀ. ಡಿಸ್ಕಸ್‌ಗೆ 0.11 ಸಾಕು.

ಇದನ್ನು ನೋಡಿದರೆ ಒಂದು ವಿಷಯ ಸ್ಪಷ್ಟ. ಇಡೀ ಮೀನಿನ ಫೋಟೊಗೆ ಮ್ಯಾಗ್ನಿಫಿಕೇಶನ್ 1 ಬೇಕಾಗುವುದೇ ಇಲ್ಲ. ಅದು ಬೇಕಾಗುವುದು ಕಣ್ಣು, ಕಿವಿರಿನ ಮುಚ್ಚಳ, ಒಂದೊಂದೇ ಹುರುಪೆ, ಇಲ್ಲವೇ ಆಗಷ್ಟೇ ಈಜಲು ಕಲಿತ ಮರಿಯನ್ನು ತೋರಿಸಬೇಕಾದಾಗ. ಕ್ಯಾನನ್‌ನ 18-55 ಎಸ್‌ಟಿಎಂ ಕಿಟ್ ಲೆನ್ಸ್ 0.36ರವರೆಗೆ ಹೋಗುತ್ತದೆ. ನಿಕಾನ್‌ನ 18-55 ಎಎಫ್-ಪಿ 0.38ರವರೆಗೆ. ಅಂದರೆ ಫೈಟರ್ ಮೀನಿಗೆ ಇವು ಧಾರಾಳವಾಗಿ ಸಾಕು. ಮನೆಯಲ್ಲೇ ಇರುವ ಲೆನ್ಸಲ್ಲಿ ಆಗುವ ಕೆಲಸಕ್ಕೆ ಹೊಸ ಲೆನ್ಸಿಗೆ ಹಣ ಸುರಿಯುವವರನ್ನು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಆದರೆ ಎಲ್ಲ ಲೆನ್ಸೂ ಹೀಗಲ್ಲ. ಕ್ಯಾನನ್‌ನ 50 ಮಿ.ಮೀ. ಎಫ್/1.8 ಎಸ್‌ಟಿಎಂ 0.21ಕ್ಕೆ ನಿಲ್ಲುತ್ತದೆ. ನಿಕಾನ್‌ನ 50 ಮಿ.ಮೀ. ಎಫ್/1.8 ಜಿ 0.15ಕ್ಕೇ ನಿಲ್ಲುತ್ತದೆ. ಮುಖದ ಫೋಟೊಗೆ ಇವು ಬಹಳ ಒಳ್ಳೆಯವು. ಟೆಟ್ರಾ ಮಾತ್ರ ಇವುಗಳಲ್ಲಿ ಚಿತ್ರದ ನಡುವೆ ಒಂದು ಸಣ್ಣ ಗೆರೆಯಾಗಿ ಉಳಿದುಬಿಡುತ್ತದೆ.

ಗಾಜು, ನೀರು ಮಾಡುವ ಕಿತಾಪತಿ

ತೊಟ್ಟಿಯ ತಳ ಇರುವುದಕ್ಕಿಂತ ಮೇಲೆ ಕಾಣುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುತ್ತದೆ. ನೀರಿನ ವಕ್ರೀಭವನ ಅಂಕ 1.33. ನೇರವಾಗಿ ನೋಡಿದಾಗ ನೀರೊಳಗಿನ ವಸ್ತು ನಿಜವಾದ ಆಳದ ಮುಕ್ಕಾಲು ಪಾಲಿನಲ್ಲಿ ಇರುವಂತೆ ಕಾಣುತ್ತದೆ. ಅಕ್ವೇರಿಯಂ ಅಂದರೆ ಅದೇ ತೊಟ್ಟಿಯನ್ನು ಪಕ್ಕದಿಂದ ನೋಡಿದ ಹಾಗೆ. ಗಾಜಿನಿಂದ 20 ಸೆಂ.ಮೀ. ಒಳಗಿರುವ ಮೀನು ಲೆನ್ಸಿಗೆ 15 ಸೆಂ.ಮೀ. ಒಳಗಿರುವಂತೆ ಕಾಣುತ್ತದೆ. ಎರಡು ಅಡಿ ಉದ್ದ, ಒಂದು ಅಡಿ ಅಗಲದ ಟ್ಯಾಂಕಿನ ಹಿಂದಿನ ಗಾಜು ಕಾಣುವುದು ಸುಮಾರು 23 ಸೆಂ.ಮೀ. ದೂರದಲ್ಲಿ. ಮುಂದಿನ ಲೆಕ್ಕಕ್ಕೆ ಇದು ಬೇಕು.

ಗಾಜಿಗೆ ಲೆನ್ಸ್ ನೇರವಾಗಿ ಇರುವವರೆಗೆ ಈ ಬಾಗುವಿಕೆಯಿಂದ ತೊಂದರೆ ಇಲ್ಲ. ಓರೆಯಾಗಿ ಹಿಡಿದರೆ ಒಂದೊಂದು ಬಣ್ಣ ಒಂದೊಂದು ಕೋನದಲ್ಲಿ ಬಾಗುತ್ತದೆ. ಆಗ ಬಾಲದ ಅಂಚಿನಲ್ಲಿ ಒಂದು ಕಡೆ ನೀಲಿ, ಇನ್ನೊಂದು ಕಡೆ ಕೆಂಪು ಗೆರೆ ಮೂಡುತ್ತದೆ, ಇಡೀ ಮೀನು ಸ್ವಲ್ಪ ಕದಡಿದ ಹಾಗೆ ಕಾಣುತ್ತದೆ. ಲಕ್ಷ ರೂಪಾಯಿ ಲೆನ್ಸ್ ಹಾಕಿದರೂ ಇದು ಸರಿಯಾಗುವುದಿಲ್ಲ. ಮೇಲಿನಿಂದ ಕೆಳಕ್ಕೆ ಇಣುಕಿ ತೆಗೆದ ಫೋಟೊಗಳು ಯಾಕೋ ಚುರುಕಾಗಿ ಬರುವುದಿಲ್ಲ ಅನ್ನುವವರು ಮೊದಲು ತಾವು ನಿಂತ ಕೋನ ನೋಡಿಕೊಳ್ಳಬೇಕು. ಮಂಡಿಯೂರಿ ಮೀನಿನ ಮಟ್ಟಕ್ಕೆ ಕ್ಯಾಮೆರಾ ತನ್ನಿ.

ಅಗಲ ನೋಟದ ಲೆನ್ಸಿಗೆ ಇದೇ ಕಾರಣಕ್ಕೆ ಇನ್ನೊಂದು ತೊಡಕು. 18 ಮಿ.ಮೀ.ನಲ್ಲಿ ನೀವು ನೇರ ನಿಂತಿದ್ದರೂ ಚಿತ್ರದ ಅಂಚಿನ ಭಾಗ ಗಾಜನ್ನು ಮೂವತ್ತು ಡಿಗ್ರಿಗೂ ಹೆಚ್ಚು ಓರೆಯಾಗಿ ಹಾದು ಬಂದಿರುತ್ತದೆ. ಹಾಗಾಗಿ ನಡುವೆ ಚೆನ್ನಾಗಿದ್ದು ಅಂಚು ಹಾಳಾಗುತ್ತದೆ. ಇಡೀ ಟ್ಯಾಂಕಿನ ಫೋಟೊ ಬೇಕಿದ್ದರೆ ಹಿಂದೆ ಸರಿದು 35 ಮಿ.ಮೀ. ಇಟ್ಟು ತೆಗೆಯಿರಿ. ದುಂಡು ಬೌಲ್ ಅಂತೂ ಬೇಡವೇ ಬೇಡ. ಅದರ ಬಾಗಿದ ಗಾಜು ಮತ್ತು ನೀರು ಸೇರಿ ತಾನೇ ಒಂದು ಕೆಟ್ಟ ಲೆನ್ಸ್ ಆಗಿಬಿಡುತ್ತದೆ. ಫೋಟೊ ತೆಗೆಯುವ ಹೊತ್ತಿಗೆ ಮೀನನ್ನು ಚಪ್ಪಟೆ ಗಾಜಿನ ಟ್ಯಾಂಕಿಗೆ ಬಿಡಿ.

ಎಲ್ಲಿ ನಿಲ್ಲುತ್ತೀರಿ ಅನ್ನುವುದೇ ಲೆನ್ಸನ್ನು ತೀರ್ಮಾನಿಸುತ್ತದೆ

ಗಾಜು ಕನ್ನಡಿಯ ಕೆಲಸವನ್ನೂ ಮಾಡುತ್ತದೆ. ಅದರ ಒಂದು ಮೈ ಬೀಳುವ ಬೆಳಕಿನಲ್ಲಿ ಸುಮಾರು ನೂರಕ್ಕೆ 4 ಪಾಲನ್ನು ವಾಪಸ್ ಕಳಿಸುತ್ತದೆ. ಕಿಟಕಿ, ಟಿವಿ, ನಿಮ್ಮ ಬಿಳಿ ಅಂಗಿ ಎಲ್ಲವೂ ಮೀನಿನ ಮೇಲೆ ಬಂದು ಕೂರುತ್ತವೆ. ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಮದ್ದು ಲೆನ್ಸಿನ ಮೂತಿಗೆ ರಬ್ಬರ್ ಹುಡ್ (ಮೆತ್ತನೆಯ ಕೊಳವೆಯಂಥ ಮರೆ) ಹಾಕಿ ಅದನ್ನು ಗಾಜಿಗೆ ಒತ್ತಿ ಹಿಡಿಯುವುದು. ಹೊರಗಿನ ಬೆಳಕು ನುಗ್ಗಲು ಜಾಗವೇ ಇರುವುದಿಲ್ಲ, ಕೈಯೂ ಅಲುಗುವುದಿಲ್ಲ, ಲೆನ್ಸ್ ತಾನಾಗಿಯೇ ಗಾಜಿಗೆ ನೇರ ನಿಲ್ಲುತ್ತದೆ. ರಬ್ಬರ್ ಹುಡ್‌ಗೆ ದುಬಾರಿ ಬೆಲೆಯೇನಿಲ್ಲ.

ಹಾಗಾದರೆ ಹುಡ್ ಗಾಜಿಗೆ ಒತ್ತಿರುವಾಗ, ಅಥವಾ ಗಾಜಿನಿಂದ ಅರ್ಧ ಗೇಣಿನಷ್ಟೇ ಹಿಂದೆ ಇರುವಾಗ, ಮೀನು ಸರಿಯಾದ ಗಾತ್ರಕ್ಕೆ ಬರಬೇಕು. ಅಂಥ ಫೋಕಲ್ ಲೆಂಗ್ತೇ ನಿಮ್ಮ ಟ್ಯಾಂಕಿಗೆ ತಕ್ಕದ್ದು.

ಲೆಕ್ಕ ಸುಲಭ. 1ನ್ನು ಮ್ಯಾಗ್ನಿಫಿಕೇಶನ್‌ನಿಂದ ಭಾಗಿಸಿ, ಬಂದದ್ದಕ್ಕೆ 1 ಕೂಡಿಸಿ, ಫೋಕಲ್ ಲೆಂಗ್ತ್‌ನಿಂದ ಗುಣಿಸಿ. ಲೆನ್ಸಿನ ನಡುಭಾಗದಿಂದ ಮೀನಿಗೆ ಇರಬೇಕಾದ ದೂರ ಸರಿಸುಮಾರು ಸಿಗುತ್ತದೆ. ಅದರಲ್ಲಿ ಲೆನ್ಸಿನ ಮೂತಿಗೆ ಅಂತ 5 ರಿಂದ 8 ಸೆಂ.ಮೀ. ಕಳೆಯಿರಿ. ಮ್ಯಾಕ್ರೊ ಲೆನ್ಸ್‌ಗಳಲ್ಲಿ ಹತ್ತಿರದ ಫೋಕಸ್‌ನಲ್ಲಿ ಫೋಕಲ್ ಲೆಂಗ್ತ್ ತುಸು ಕುಗ್ಗುವುದರಿಂದ ನಿಜವಾದ ದೂರ ಇನ್ನೂ ಸ್ವಲ್ಪ ಕಡಿಮೆಯೇ ಇರಬಹುದು. ಅಂದಾಜಿಗೆ ಇಷ್ಟು ಸಾಕು.

ನಮ್ಮ ಒಂದು ಅಡಿ ಅಗಲದ ಟ್ಯಾಂಕಿಗೆ ಇದನ್ನು ಹಾಕಿ ನೋಡೋಣ, ಕ್ರಾಪ್ ಸೆನ್ಸರ್ ಕ್ಯಾಮೆರಾದಲ್ಲಿ.

ಮೊದಲು ಟೆಟ್ರಾ. 40 ಮಿ.ಮೀ. ಮ್ಯಾಕ್ರೊದಲ್ಲಿ ಲೆನ್ಸಿನ ಮೂತಿಯಿಂದ ಮೀನು 6-7 ಸೆಂ.ಮೀ. ದೂರದಲ್ಲಿ ಇರಬೇಕು. ನೀರಿನ ಲೆಕ್ಕದಲ್ಲಿ ಅದು 8-9 ಸೆಂ.ಮೀ. ಮೀನು ಅದಕ್ಕಿಂತ ಒಳಗೆ ಹೋದರೆ ಮುಗಿಯಿತು, ಗಾಜು ಅಡ್ಡ ಬಂದು ನೀವು ಮುಂದೆ ಹೋಗಲು ಆಗುವುದಿಲ್ಲ. ಟೆಟ್ರಾಗಳು ಗುಂಪು ಕಟ್ಟಿ ಟ್ಯಾಂಕಿನ ನಡುವೆ, ಗಿಡಗಳ ಹತ್ತಿರವೇ ಸುತ್ತುತ್ತವೆ ಅಲ್ವಾ? 60 ಮಿ.ಮೀ. ಆದರೆ ಗಾಜಿನಿಂದ 16 ಸೆಂ.ಮೀ. ಒಳಗಿನವರೆಗೂ ಕೈಗೆಟುಕುತ್ತದೆ. 100 ಮಿ.ಮೀ. ಆದರೆ ಬಹುಪಾಲು ಹಿಂದಿನ ಗಾಜಿನವರೆಗೂ. ಸಣ್ಣ ಮೀನಿಗೆ ಉದ್ದ ಲೆನ್ಸ್ ಬೇಕು ಅನ್ನುವುದು ಇದಕ್ಕೇ.

ಇನ್ನು ಫೈಟರ್. 60 ಮಿ.ಮೀ.ನಲ್ಲಿ ಲೆನ್ಸಿನ ಮೂತಿಯಿಂದ 23 ಸೆಂ.ಮೀ. ಬೇಕು. ಮೀನು ಹಿಂದಿನ ಗಾಜಿನ ಪಕ್ಕ ಇದ್ದರೆ ಹುಡ್ ಮುಂದಿನ ಗಾಜಿಗೆ ತಾಕುತ್ತದೆ. ಮೀನು ಟ್ಯಾಂಕಿನ ನಡುವೆ ಬಂದರೆ ಅರ್ಧ ಗೇಣು ಹಿಂದೆ ಸರಿದರಾಯಿತು. 40 ಮಿ.ಮೀ. ಆದರೆ ನಡುವೆ ಇರುವ ಮೀನಿಗೂ ಹುಡ್ ಗಾಜಿನ ಹತ್ತಿರವೇ ಇರುತ್ತದೆ. ಅದೇ 100 ಮಿ.ಮೀ. ಹಾಕಿದರೆ ಗಾಜಿನಿಂದ ಒಂದು ಗೇಣಿಗೂ ಜಾಸ್ತಿ ಹಿಂದೆ ಹೋಗಬೇಕು. ಆ ಖಾಲಿ ಜಾಗದಲ್ಲಿ ಕೋಣೆಯ ಬೆಳಕೆಲ್ಲ ಗಾಜಿನ ಮೇಲೆ ಬೀಳುತ್ತದೆ.

ಡಿಸ್ಕಸ್‌ಗೆ ಇದು ಇನ್ನೂ ಎದ್ದು ಕಾಣುತ್ತದೆ. 100 ಮಿ.ಮೀ.ನಲ್ಲಿ ಒಂದು ಮೀಟರ್ ದೂರ ನಿಲ್ಲಬೇಕು. 60ರಲ್ಲಿ ಅರ್ಧ ಮೀಟರ್ ಮೀರುತ್ತದೆ. 35 ಮಿ.ಮೀ. ಇಟ್ಟರೆ 30 ಸೆಂ.ಮೀ.ಗೆ ಕೆಲಸ ಮುಗಿಯುತ್ತದೆ. ಕಿಟ್ ಲೆನ್ಸನ್ನೇ 35ಕ್ಕೆ ತಿರುಗಿಸಿಕೊಂಡರೆ ಸಾಕು. ದೊಡ್ಡ ಗೋಲ್ಡ್ ಫಿಶ್, ಏಂಜೆಲ್, ಆಸ್ಕರ್ ಸಾಕುವವರಿಗೂ ಇದೇ ಮಾತು. ಏಂಜೆಲ್ ಉದ್ದಕ್ಕಿಂತ ಎತ್ತರ ಜಾಸ್ತಿ ಇರುವ ಮೀನು, ಕ್ಯಾಮೆರಾವನ್ನು ನೆಟ್ಟಗೆ ನಿಲ್ಲಿಸಿ ತೆಗೆಯಿರಿ.

ಫುಲ್ ಫ್ರೇಮ್ ಕ್ಯಾಮೆರಾ ಇದ್ದರೆ ಮೇಲಿನ ಫೋಕಲ್ ಲೆಂಗ್ತ್‌ಗಳನ್ನೆಲ್ಲ ಒಂದೂವರೆ ಪಟ್ಟು ಮಾಡಿಕೊಳ್ಳಿ. ಕ್ರಾಪ್ ಸೆನ್ಸರ್‌ನಲ್ಲಿ 60 ಮಿ.ಮೀ. ಮಾಡುವ ಕೆಲಸವನ್ನು ಫುಲ್ ಫ್ರೇಮ್‌ನಲ್ಲಿ 90 ಮಾಡುತ್ತದೆ. "100 ಎಂಎಂ ತಗೊಳ್ಳಿ" ಅನ್ನುವ ಸಲಹೆ ಫುಲ್ ಫ್ರೇಮ್ ಇರುವವರಿಗೆ ಸರಿಹೊಂದುವುದು ಇದರಿಂದಲೇ.

ಪೋಲರೈಸರ್ ಫಿಲ್ಟರ್ ಹಾಕಿದರೆ ಗಾಜಿನ ಹೊಳಪು ಹೋಗುವುದಿಲ್ಲವೇ ಅಂತ ಕೇಳುವವರಿದ್ದಾರೆ. ಓರೆಯಾಗಿ, ಸುಮಾರು 55 ಡಿಗ್ರಿಯಲ್ಲಿ ಬರುವ ಹೊಳಪನ್ನು ಅದು ಚೆನ್ನಾಗಿ ತೆಗೆಯುತ್ತದೆ. ನಾವು ನಿಲ್ಲುವುದು ನೇರವಾಗಿ. ನೇರ ಬರುವ ಪ್ರತಿಬಿಂಬದ ಮೇಲೆ ಪೋಲರೈಸರ್‌ಗೆ ಹಿಡಿತ ಇಲ್ಲ. ಸುಮ್ನೆ ಅರ್ಧಕ್ಕಿಂತ ಜಾಸ್ತಿ ಬೆಳಕು ನುಂಗುತ್ತದೆ ಅಷ್ಟೇ.

ಹಪ್ಪಳದಷ್ಟು ಫೋಕಸ್

ಟ್ಯಾಂಕಿನೊಳಗೆ ಗಾಜಿಗೆ ಸಮಾನಾಂತರವಾಗಿ ಒಂದು ದೊಡ್ಡ ಹಪ್ಪಳ ನಿಲ್ಲಿಸಿದ್ದಾರೆ ಅಂದುಕೊಳ್ಳಿ. ಆ ಹಪ್ಪಳದ ದಪ್ಪದೊಳಗೆ ಏನು ಬರುತ್ತದೋ ಅದಷ್ಟೇ ಫೋಟೊದಲ್ಲಿ ಸ್ಪಷ್ಟ. ಅದರ ಮುಂದಿನದು, ಹಿಂದಿನದು ಎಲ್ಲ ಮಸುಕು. ಈ ದಪ್ಪಕ್ಕೆ ಡೆಪ್ತ್ ಆಫ್ ಫೀಲ್ಡ್ ಅನ್ನುತ್ತಾರೆ. ಕಿಂಡಿ ದೊಡ್ಡದಾದಷ್ಟೂ ಹಪ್ಪಳ ತೆಳು. ಮ್ಯಾಗ್ನಿಫಿಕೇಶನ್ ಹೆಚ್ಚಿದಷ್ಟೂ ಇನ್ನೂ ತೆಳು.

ಕ್ರಾಪ್ ಸೆನ್ಸರ್‌ನಲ್ಲಿ ಫೈಟರ್ ಮೀನಿನ ಗಾತ್ರಕ್ಕೆ ಎಫ್/2.8 ಇಟ್ಟರೆ ಈ ದಪ್ಪ ಸುಮಾರು 3 ಮಿ.ಮೀ. ಎಫ್/8 ಇಟ್ಟರೆ 8 ಮಿ.ಮೀ. ಟೆಟ್ರಾ ಗಾತ್ರಕ್ಕೆ ಎಫ್/8 ಇಟ್ಟರೂ ಎರಡೂವರೆ ಮಿ.ಮೀ.ಗಿಂತ ಜಾಸ್ತಿ ಸಿಗುವುದಿಲ್ಲ.

ಫೈಟರ್ ಒಂದನ್ನು ಹತ್ತಿರದಿಂದ ನೋಡಿ. ಪಕ್ಕಕ್ಕೆ ತಿರುಗಿ ನಿಂತಾಗ ನಮ್ಮ ಕಡೆಯ ಕಣ್ಣು ಮೈಯ ಹೊರಮೇಲ್ಮೈಯಲ್ಲಿದೆ. ಬಾಲ ಮತ್ತು ಬೆನ್ನಿನ ರೆಕ್ಕೆ ಮೈಯ ನಡುಗೆರೆಯಿಂದ ಹೊರಟಿವೆ, ಅಂದರೆ ಕಣ್ಣಿಗಿಂತ ಕೆಲವು ಮಿ.ಮೀ. ಹಿಂದೆ. ಕಿವಿರಿನ ಪಕ್ಕದ ಪುಟ್ಟ ರೆಕ್ಕೆ ನಮ್ಮ ಕಡೆಗೇ ಚಾಚಿಕೊಂಡು ಸದಾ ಬೀಸುತ್ತಿರುತ್ತದೆ. ಎಫ್/2.8ರಲ್ಲಿ ಕಣ್ಣು ಮಿಂಚುತ್ತದೆ, ಬಾಲದ ಕಡ್ಡಿಗಳು ಕರಗಿ ಹೋಗಿರುತ್ತವೆ. ಎಫ್/8ರಲ್ಲಿ ಎರಡೂ ಸಿಗುತ್ತವೆ. ಆದರೂ ಒಂದು ಷರತ್ತು, ಮೀನು ಗಾಜಿಗೆ ಸಮಾನಾಂತರ ಇರಬೇಕು. 6 ಸೆಂ.ಮೀ. ಮೀನು ಬರೀ 10 ಡಿಗ್ರಿ ತಿರುಗಿದರೂ ಮೂತಿಗೂ ಬಾಲದ ತುದಿಗೂ 1 ಸೆಂ.ಮೀ. ವ್ಯತ್ಯಾಸ ಬಂದುಬಿಡುತ್ತದೆ. ಹಪ್ಪಳದಿಂದ ಬಾಲ ಹೊರಗೆ.

ಹೀಗಿರುವಾಗ ಎಫ್/1.4, ಎಫ್/1.8 ಅಂತ ದೊಡ್ಡ ಕಿಂಡಿಯ ಲೆನ್ಸಿಗೆ ಜಾಸ್ತಿ ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ. ಕೊನೆಗೂ ನೀವು ಬಳಸುವುದು ಎಫ್/8, ಎಫ್/11. ಅದಕ್ಕಿಂತ ಮುಂದೆ ಎಫ್/16, ಎಫ್/22ಕ್ಕೆ ಹೋದರೆ ಕಿಂಡಿ ತೀರಾ ಸಣ್ಣದಾಗಿ ಬೆಳಕು ಅದರ ಅಂಚಿನಲ್ಲಿ ಚದುರುತ್ತದೆ, ಇಡೀ ಚಿತ್ರ ಮೆತ್ತಗಾಗುತ್ತದೆ.

ಫೋಕಸ್ ಸಿಗಲು ಒಂದು ಒಳ್ಳೆಯ ದಾರಿ, ಹಪ್ಪಳದ ಒಳಗೇ ಮೀನು ಇರುವ ಹಾಗೆ ಮಾಡುವುದು. ಮುಂದಿನ ಗಾಜಿನಿಂದ 5-6 ಸೆಂ.ಮೀ. ಒಳಗೆ ಇನ್ನೊಂದು ಸ್ವಚ್ಛ ಗಾಜಿನ ಹಲಗೆ ಇಳಿಸಿದರೆ ಮೀನು ಆ ಓಣಿಯಲ್ಲಷ್ಟೇ ಈಜುತ್ತದೆ. ಫೋಟೊ ಮುಗಿದ ಕೂಡಲೇ ತೆಗೆಯಿರಿ. ಫೋಕಸ್ ಪಾಯಿಂಟ್ ಒಂದೇ ಇಟ್ಟುಕೊಂಡು ಕಣ್ಣಿನ ಮೇಲೆ ನಿಲ್ಲಿಸಿ. ಉದ್ದ ಮ್ಯಾಕ್ರೊ ಲೆನ್ಸ್‌ಗಳಲ್ಲಿ ಫೋಕಸ್ ಲಿಮಿಟರ್ ಅನ್ನುವ ಸ್ವಿಚ್ ಇರುತ್ತದೆ. ಅದನ್ನು ಹತ್ತಿರದ ಮಿತಿಗೆ ಇಟ್ಟರೆ ಲೆನ್ಸ್ ಕೋಣೆಯ ಆಚೆಗೋಡೆವರೆಗೆ ಹುಡುಕಾಡುವುದಿಲ್ಲ.

ಲೆನ್ಸಿಗಿಂತ ಮೊದಲು ಬೆಳಕು

ಎಫ್/8ಕ್ಕೆ ಕಿಂಡಿ ಸಣ್ಣ ಮಾಡಿದ್ದೇವೆ. ಅದರ ಜೊತೆಗೆ ಮ್ಯಾಕ್ರೊ ದೂರದಲ್ಲಿ ಇನ್ನೊಂದು ಕಡಿತವೂ ಇದೆ. ಹತ್ತಿರ ಫೋಕಸ್ ಮಾಡುತ್ತಾ ಹೋದಂತೆ ಅದೇ ಬೆಳಕು ಹೆಚ್ಚು ಜಾಗಕ್ಕೆ ಹರಡುತ್ತದೆ. ಮ್ಯಾಗ್ನಿಫಿಕೇಶನ್ 1ಕ್ಕೆ ಬಂದಾಗ ಸೆನ್ಸರ್‌ಗೆ ತಲುಪುವುದು ಸುಮಾರು ನಾಲ್ಕರಲ್ಲಿ ಒಂದು ಪಾಲು ಮಾತ್ರ. ಟ್ಯಾಂಕಿನ ಎಲ್‌ಇಡಿ ಕಣ್ಣಿಗೆ ಎಷ್ಟೇ ಪ್ರಖರ ಕಂಡರೂ ಕ್ಯಾಮೆರಾಗೆ ಸಾಲುವುದಿಲ್ಲ.

ಶಟರ್ ನಿಧಾನ ಮಾಡೋಣ ಅಂದರೆ ಮೀನು ನಿಲ್ಲುವುದಿಲ್ಲ. ಸೆಕೆಂಡಿಗೆ 5 ಸೆಂ.ಮೀ. ವೇಗದಲ್ಲಿ ಆರಾಮಾಗಿ ಈಜುವ ಫೈಟರ್ ಕೂಡ 1/200 ಸೆಕೆಂಡಿನಲ್ಲಿ ಕಾಲು ಮಿ.ಮೀ. ಸರಿದಿರುತ್ತದೆ. 24 ಮೆಗಾಪಿಕ್ಸೆಲ್ ಕ್ರಾಪ್ ಸೆನ್ಸರ್‌ನಲ್ಲಿ ಅದು ಸುಮಾರು ಹದಿನೇಳು ಪಿಕ್ಸೆಲ್‌ನಷ್ಟು ಮಸುಕು. ಲೆನ್ಸಿನಲ್ಲಿರುವ ಸ್ಟೆಬಿಲೈಸೇಶನ್ ಇಲ್ಲಿ ನೆರವಿಗೆ ಬರುವುದಿಲ್ಲ. ಅದು ನಿಮ್ಮ ಕೈ ನಡುಕವನ್ನು ತಡೆಯುತ್ತದೆ, ಮೀನಿನ ಓಟವನ್ನಲ್ಲ. ಹುಡ್ ಗಾಜಿಗೆ ಒತ್ತಿ ತೆಗೆಯುವವರು ಈ ಸೌಲಭ್ಯಕ್ಕೆ ಹೆಚ್ಚಿನ ಹಣ ಕೊಡಬೇಕಾಗಿಲ್ಲ.

ಫ್ಲ್ಯಾಶ್ ಈ ಎರಡೂ ತೊಂದರೆಯನ್ನು ಒಟ್ಟಿಗೇ ಬಿಡಿಸುತ್ತದೆ. ಕಡಿಮೆ ಪವರ್‌ನಲ್ಲಿ ಅದರ ಮಿಂಚು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಎಷ್ಟೋ ಚಿಕ್ಕದು. ಅಷ್ಟರಲ್ಲಿ ಯಾವ ಮೀನೂ ಕಾಣುವಷ್ಟು ಸರಿಯಲಾರದು. ಆದರೆ ಕ್ಯಾಮೆರಾ ತಲೆಯ ಮೇಲೆ ಇಟ್ಟು ಹೊಡೆದರೆ ಗಾಜಿನಿಂದ ನೇರ ವಾಪಸ್ ಬಂದು ಚಿತ್ರದ ನಡುವೆ ಬಿಳಿ ಮಚ್ಚೆ ಆಗುತ್ತದೆ. ಫ್ಲ್ಯಾಶನ್ನು ಟ್ಯಾಂಕಿನ ಮುಚ್ಚಳದ ಗಾಜಿನ ಮೇಲೆ, ಸ್ವಲ್ಪ ಮುಂದಕ್ಕೆ, ಕೆಳಮುಖವಾಗಿ ಇಡಿ. ವೈರ್‌ಲೆಸ್ ಟ್ರಿಗರ್‌ನಿಂದ ಹೊತ್ತಿಸಿ. ಮುಚ್ಚಳ ಗಟ್ಟಿ ಇರಲಿ, ನೀರು ಚಿಮ್ಮುವ ಕಡೆ ಫ್ಲ್ಯಾಶ್ ಬೇಡ. ಎಫ್/8, 1/160 ಸೆಕೆಂಡ್ ಶಟರ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ಅಂಕಿ) 200ರಿಂದ ಶುರು ಮಾಡಿ ಹೊಂದಿಸುತ್ತಾ ಹೋಗಿ. ಮೇಲಿನಿಂದ ಬಿದ್ದ ಬೆಳಕಿಗೆ ಹುರುಪೆಗಳು ಒಂದೊಂದಾಗಿ ಹೊಳೆಯುವುದನ್ನು ನೋಡಿದ ಮೇಲೆ ಬೇರೆ ರೀತಿ ತೆಗೆಯಲು ಮನಸ್ಸೇ ಬರುವುದಿಲ್ಲ.

ಕತ್ತಲಲ್ಲಿ ಒಮ್ಮೆಲೇ ಮಿಂಚಿದರೆ ಮೀನು ಬೆಚ್ಚಿ ಗಾಜಿಗೆ ಬಡಿದುಕೊಳ್ಳಬಹುದು. ಟ್ಯಾಂಕ್ ಲೈಟ್ ಉರಿಯುತ್ತಲೇ ಇರಲಿ. ಮೀನು ಮೂಲೆ ಸೇರಿದರೆ ಆ ದಿನಕ್ಕೆ ಬಿಟ್ಟುಬಿಡಿ. ಫೈಟರ್ ರೆಕ್ಕೆ ಬಿಚ್ಚಲಿ ಅಂತ ಕನ್ನಡಿ ತೋರಿಸುವವರು ಒಂದೆರಡು ನಿಮಿಷಕ್ಕೆ ತೆಗೆದುಬಿಡಬೇಕು, ಅದರ ಪಾಲಿಗೆ ಅದು ನಿಜವಾದ ಜಗಳ.

ಕೈಯಲ್ಲಿರುವ ಹಣ ಲೆನ್ಸ್ ಅಥವಾ ಫ್ಲ್ಯಾಶ್ ಎರಡರಲ್ಲಿ ಒಂದಕ್ಕೇ ಸಾಕು ಅಂದರೆ, ಫೈಟರ್‌ಗಿಂತ ದೊಡ್ಡ ಮೀನು ಸಾಕುವವರು ಕಣ್ಣು ಮುಚ್ಚಿ ಫ್ಲ್ಯಾಶ್ ತಗೊಳ್ಳಲಿ.

ಕಡಿಮೆ ಖರ್ಚಿನ ದಾರಿಗಳು

ಟೆಟ್ರಾ, ಗಪ್ಪಿಗೆ ಕಿಟ್ ಲೆನ್ಸ್ ಸಾಲದು, ಮ್ಯಾಕ್ರೊಗೆ ಹಣ ಇಲ್ಲ. ಆಗ ಎಕ್ಸ್‌ಟೆನ್ಷನ್ ಟ್ಯೂಬ್ ಇದೆ. ಇದು ಒಳಗೆ ಗಾಜೇ ಇಲ್ಲದ ಟೊಳ್ಳು ಬಳೆ. ಕ್ಯಾಮೆರಾಗೂ ಲೆನ್ಸಿಗೂ ನಡುವೆ ಸಿಕ್ಕಿಸಿದರೆ ಲೆನ್ಸ್ ಇನ್ನೂ ಹತ್ತಿರ ಫೋಕಸ್ ಮಾಡುತ್ತದೆ. ಟ್ಯೂಬಿನ ಉದ್ದವನ್ನು ಫೋಕಲ್ ಲೆಂಗ್ತ್‌ನಿಂದ ಭಾಗಿಸಿದರೆ ಎಷ್ಟು ಮ್ಯಾಗ್ನಿಫಿಕೇಶನ್ ಸೇರುತ್ತದೆ ಅನ್ನುವುದು ಗೊತ್ತಾಗುತ್ತದೆ. 50 ಮಿ.ಮೀ. ಲೆನ್ಸಿಗೆ 12 ಮಿ.ಮೀ. ಟ್ಯೂಬ್ ಹಾಕಿದರೆ 0.24 ಸೇರಿ, 0.21 ಇದ್ದದ್ದು 0.45 ಆಗುತ್ತದೆ. ಟೆಟ್ರಾಗೆ ಹತ್ತಿರ ಹತ್ತಿರ ಸಾಕು. ಕೊಳ್ಳುವಾಗ ಲೋಹದ ಸಂಪರ್ಕ ಬಿಂದುಗಳು ಇರುವ ಟ್ಯೂಬನ್ನೇ ಕೇಳಿ. ಅವಿಲ್ಲದಿದ್ದರೆ ಕ್ಯಾಮೆರಾ ಮತ್ತು ಲೆನ್ಸ್ ಮಾತಾಡಿಕೊಳ್ಳುವುದಿಲ್ಲ, ಅಪರ್ಚರ್ ಬದಲಿಸಲೂ ಆಗುವುದಿಲ್ಲ. ಟ್ಯೂಬ್ ಹಾಕಿದಾಗ ದೂರದ್ದು ಫೋಕಸ್ ಆಗುವುದಿಲ್ಲ ಅನ್ನುವುದೂ ನೆನಪಿರಲಿ. ಮೀನು ಹಿಂದೆ ಹೋದರೆ ಕಾಯಬೇಕಷ್ಟೇ.

ಲೆನ್ಸಿನ ಮುಂದೆ ತಿರುಗಿಸಿ ಹಾಕುವ ಕ್ಲೋಸಪ್ ಫಿಲ್ಟರ್ ಇನ್ನೂ ಅಗ್ಗ. ಆದರೆ ಒಂದೇ ಪದರದ ಅಗ್ಗದ ಗಾಜು ಅಂಚಿನಲ್ಲಿ ಬಣ್ಣದ ಗೆರೆ ತರುತ್ತದೆ. ಟ್ಯಾಂಕಿನ ಗಾಜು ಕೊಡುವ ಕಾಟವೇ ಸಾಕು, ಇದೂ ಸೇರುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಕೆಲವು 70-300 ಮಿ.ಮೀ. ಜೂಮ್ ಲೆನ್ಸ್‌ಗಳ ಮೇಲೂ "ಮ್ಯಾಕ್ರೊ" ಅಂತ ಬರೆದಿರುತ್ತದೆ. ಅವು 0.5ರವರೆಗೆ ಹೋಗುವುದು ನಿಜ, ಆದರೆ ಹತ್ತಿರದ ಫೋಕಸ್ ದೂರ 95 ಸೆಂ.ಮೀ. ಆಸುಪಾಸು. ಗಾಜಿಗೆ ಒತ್ತಿ ಹಿಡಿಯುವ ಆಸೆ ಬಿಡಬೇಕು. ಚಿಟ್ಟೆಗೆ ಸರಿ, ಮನೆಯ ಟ್ಯಾಂಕಿಗೆ ಕಷ್ಟ.

ಮೊಬೈಲ್‌ನಲ್ಲಿ ತೆಗೆಯುವವರು ಮುಖ್ಯ ಕ್ಯಾಮೆರಾವನ್ನು ಗಾಜಿಗೆ ಅಂಟಿಸುವ ಬದಲು ಸ್ವಲ್ಪ ಹಿಂದೆ ಸರಿದು 2ಎಕ್ಸ್ ಇಟ್ಟುಕೊಳ್ಳಿ, ಕೋಣೆ ಕತ್ತಲು ಮಾಡಿ, ಟ್ಯಾಂಕಿನ ಮೇಲೆ ಇನ್ನೊಂದು ಲೈಟ್ ಇಡಿ. ಕ್ಲಿಪ್ ಹಾಕುವ ಮ್ಯಾಕ್ರೊ ಲೆನ್ಸ್ ಕೆಲವೇ ಸೆಂ.ಮೀ.ವರೆಗೆ ಫೋಕಸ್ ಮಾಡುವುದರಿಂದ ಗಾಜಿಗೆ ಅಂಟಿಕೊಂಡ ಬಸವನ ಹುಳುವಿಗೆ ಬಿಟ್ಟರೆ ಮೀನಿಗೆ ಅಷ್ಟಾಗಿ ಆಗಿಬರುವುದಿಲ್ಲ.

ಸಾರ್ವಜನಿಕ ಮತ್ಸ್ಯಾಲಯಗಳಲ್ಲಿ, ಮತ್ಸ್ಯಮೇಳಗಳಲ್ಲಿ ಫೋಟೊ ತೆಗೆಯುವುದಾದರೆ ಲೆಕ್ಕ ಬೇರೆ. ಅಲ್ಲಿ ಮೇಲಿನಿಂದ ಫ್ಲ್ಯಾಶ್ ಇಡಲು ಆಗುವುದಿಲ್ಲ, ಮೀನೂ ದೊಡ್ಡವು. ಎಫ್/1.8ರ 35 ಅಥವಾ 50 ಮಿ.ಮೀ. ಲೆನ್ಸ್ ನಿಜವಾಗಿ ಬೆಲೆ ಬಾಳುವುದು ಅಂಥ ಕಡೆ.

ಮ್ಯಾಕ್ರೊ ಕೊಳ್ಳುವುದೇ ಆದರೆ

ಕ್ರಾಪ್ ಸೆನ್ಸರ್ ಕ್ಯಾಮೆರಾ, ಒಂದು ಅಡಿ ಅಗಲದ ಟ್ಯಾಂಕ್, ಟೆಟ್ರಾದಿಂದ ಫೈಟರ್‌ವರೆಗಿನ ಮೀನು. ಬಹಳ ಮನೆಗಳ ಕಥೆ ಇದೇ. ಇದಕ್ಕೆ 60 ಮಿ.ಮೀ. ಸುತ್ತಮುತ್ತಲಿನ ಮ್ಯಾಕ್ರೊ ಚೆನ್ನಾಗಿ ಹೊಂದುತ್ತದೆ. ಕ್ಯಾನನ್‌ನ ಹಳೆಯ ಇಎಫ್-ಎಸ್ 60 ಮಿ.ಮೀ. ಎಫ್/2.8, ನಿಕಾನ್‌ನ ಮೈಕ್ರೊ 60 ಮಿ.ಮೀ. ಎಫ್/2.8 ಈ ಸಾಲಿನವು. ನಿಕಾನ್‌ನ ಡಿಎಕ್ಸ್ 40 ಮಿ.ಮೀ. ಇನ್ನೂ ಅಗ್ಗ. ಫೈಟರ್‌ಗೆ ಚೆನ್ನ, ಆದರೆ ಟೆಟ್ರಾ ಗಾಜಿನ ಹತ್ತಿರ ಬರುವವರೆಗೆ ಕಾಯಬೇಕು. ಸೋನಿಯ ಇ-ಮೌಂಟ್ 30 ಮಿ.ಮೀ. ಮ್ಯಾಕ್ರೊದ ಕನಿಷ್ಠ ಫೋಕಸ್ ದೂರ 9.5 ಸೆಂ.ಮೀ. ಅದರಲ್ಲಿ ಲೆನ್ಸೇ ಬಹುಪಾಲು ತಿಂದುಬಿಡುತ್ತದೆ, ಸಣ್ಣ ಮೀನಿಗೆ ಸಾಲದು. ಫುಲ್ ಫ್ರೇಮ್ ಇರುವವರು ಟ್ಯಾಮ್ರಾನ್ 90, ಸೋನಿ 90, ಕ್ಯಾನನ್ 100, ನಿಕಾನ್ 105 ಇವುಗಳಲ್ಲಿ ತಮ್ಮ ಕ್ಯಾಮೆರಾಗೆ ಕೂರುವುದನ್ನು ನೋಡಬಹುದು. ಚಿತ್ರದ ಚುರುಕಿನಲ್ಲಿ ಇವು ಯಾವುವೂ ನಿರಾಸೆ ಮಾಡುವುದಿಲ್ಲ. ಎಫ್/8ಕ್ಕೆ ಇಟ್ಟು ಗಾಜು, ನೀರು ದಾಟಿ ತೆಗೆದ ಚಿತ್ರದಲ್ಲಿ ಇವುಗಳ ನಡುವಿನ ವ್ಯತ್ಯಾಸ ಹುಡುಕುವುದು ಕಷ್ಟ.

ಹಾಗಾಗಿ ಸೆಕೆಂಡ್ ಹ್ಯಾಂಡ್ ಮ್ಯಾಕ್ರೊ ಒಳ್ಳೆಯ ವ್ಯಾಪಾರ. ಕೊಳ್ಳುವಾಗ ಒಂದು ಸ್ಕೇಲ್ ಜೇಬಿನಲ್ಲಿರಲಿ. ಆಟೋಫೋಕಸ್ ಆಫ್ ಮಾಡಿ, ಫೋಕಸ್ ಬಳೆಯನ್ನು ತೀರಾ ಹತ್ತಿರಕ್ಕೆ ತಿರುಗಿಸಿ, ಸ್ಕೇಲ್ ಸ್ಪಷ್ಟವಾಗುವವರೆಗೆ ಕ್ಯಾಮೆರಾವನ್ನು ಮುಂದೆ ತನ್ನಿ. ಕ್ರಾಪ್ ಸೆನ್ಸರ್‌ನಲ್ಲಿ ಚಿತ್ರದ ಅಗಲಕ್ಕೆ 22-24 ಮಿ.ಮೀ. ಮಾತ್ರ ಕಂಡರೆ ಅದು ನಿಜವಾದ ಮ್ಯಾಕ್ರೊ. ಆಗ ಲೆನ್ಸಿನ ಮೂತಿಗೂ ಸ್ಕೇಲಿಗೂ ಎಷ್ಟು ಜಾಗ ಉಳಿಯಿತು ಅಂತಲೂ ನೋಡಿಕೊಳ್ಳಿ, ನಿಮ್ಮ ಟ್ಯಾಂಕಿಗೆ ಬೇಕಾದ ಅಳತೆ ಅದೇ.

ಆಮೇಲೆ ಲೆನ್ಸಿನ ಎರಡೂ ಮುಚ್ಚಳ ತೆಗೆದು ಹಿಂದಿನಿಂದ ಟಾರ್ಚ್ ಹಾಯಿಸಿ ನೋಡಿ. ಒಳಗಿನ ಗಾಜಿನ ಮೇಲೆ ಕವಲೊಡೆದ ಸಣ್ಣ ಬಿಳಿ ಎಳೆಗಳು ಕಂಡರೆ ಅದು ಫಂಗಸ್. ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬೇಡ. ಮಲೆನಾಡು, ಕರಾವಳಿಯ ಮಳೆಗಾಲದ ತೇವಕ್ಕೆ ಇದು ಬೇಗ ಹಿಡಿಯುತ್ತದೆ, ಮೀನಿನ ಟ್ಯಾಂಕ್ ಇರುವ ಕೋಣೆಯಲ್ಲಂತೂ ಗಾಳಿ ಸದಾ ಒದ್ದೆ. ಲೆನ್ಸನ್ನು ಆ ಕೋಣೆಯಲ್ಲಿ ಇಡಬೇಡಿ. ಬಟ್ಟೆಯ ಬ್ಯಾಗಿನಲ್ಲೂ ಬೇಡ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ತುಂಬಿದೆ ಅಂತ ಅರ್ಥ. ಬಿಸಿ ಮಾಡಿ ಒಣಗಿಸಿದರೆ ಮತ್ತೆ ನೀಲಿಯಾಗುತ್ತವೆ, ಮತ್ತೆ ಬಳಸಬಹುದು.